ಹಿಂದಿನ ಬೆಂಚಿನವರೂ ಬಾಯಿ ಬಿಡಲಿ
ಕಾಲೇಜು ಮೇಷ್ಟ್ರು, ಮೇಡಂಗಳಿಗೆ ನಾಳೆಯಿಂದಲೇ ಶುರು ಮಾಡಬಹುದಾದ ಕೆಲವು ಕ್ರಮಗಳು

‘ಈಗಿನ ಹುಡುಗ್ರಿಗೆ ಏನೂ ಬೇಡ ಸರ್, ಕಲ್ಲಿನಂಗೆ ಕೂತಿರ್ತಾರೆ.’ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಈ ಮಾತು ಹೊಸದಲ್ಲ. ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ಅದೇ ಇಬ್ಬರು ಮೂವರು ಉತ್ತರ ಹೇಳುತ್ತಾರೆ. ಉಳಿದವರ ಕಣ್ಣು ನೋಟ್ಸ್ ಮೇಲೆ, ಇಲ್ಲವೇ ಡೆಸ್ಕಿನ ಕೆಳಗಿನ ಮೊಬೈಲ್ ಮೇಲೆ. ಇದನ್ನು ಬದಲಿಸಲು ಜೋಕು ಹೇಳುವ ಕಲೆಯಾಗಲಿ, ಸ್ಮಾರ್ಟ್ ಬೋರ್ಡ್ ಆಗಲಿ ಬೇಕಿಲ್ಲ. ಬಾಯಿ ಬಿಟ್ಟರೆ ಮರ್ಯಾದೆ ಹೋಗುವುದಿಲ್ಲ ಎಂಬ ಧೈರ್ಯ ಹುಡುಗರಿಗೆ ಬರಬೇಕು, ಅಷ್ಟೇ.

ಮೊದಲ ವಾರ: ಹೆಸರು, ಊರು, ಬಸ್ಸು

ಮೊದಲ ದಿನ ಸಿಲಬಸ್ ಓದಿ ಹೇಳಬೇಡಿ. ಎಲ್ಲರಿಗೂ ಅರ್ಧ ಹಾಳೆ ಕೊಟ್ಟು ನಾಲ್ಕು ಸಂಗತಿ ಬರೆಸಿ. ಏನಂತ ಕರೆದರೆ ಇಷ್ಟ? ಯಾವ ಊರಿಂದ, ಎಷ್ಟೊತ್ತಿನ ಬಸ್ಸಿಗೆ ಬರುತ್ತೀರಿ? ಪಿಯುಸಿವರೆಗೆ ಓದಿದ್ದು ಯಾವ ಮಾಧ್ಯಮ? ಕಾಲೇಜು ಬಿಟ್ಟ ಮೇಲೆ ಏನಾದರೂ ಕೆಲಸ ಇದೆಯಾ? ಪಿಯುಸಿ ಮಾರ್ಕ್ಸು, ಅಪ್ಪನ ಸಂಪಾದನೆ ಕೇಳಬೇಡಿ. ಅವು ಗೊತ್ತಾದರೆ ನಮ್ಮ ಕಣ್ಣೇ ಬದಲಾಗುತ್ತದೆ.

ಬಸ್ಸಿನ ವಿಷಯ ಯಾಕೆ? ದಾವಣಗೆರೆಯ ಕಾಲೇಜಿಗೆ ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಿಂದ ಬರುವವರಿದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಹಾಗಾಗಿ ಖಾಸಗಿ ಬಸ್ಸು ಎದುರಿಗೇ ಹೋದರೂ ಬಿಟ್ಟು, ಸರ್ಕಾರಿ ಬಸ್ಸಿಗೆ ಕಾಯುವವರೂ ಇದ್ದಾರೆ. ಹತ್ತು ನಿಮಿಷ ತಡವಾಗಿ ಬಂದ ಹುಡುಗಿಯನ್ನು ಬಾಗಿಲಲ್ಲಿ ನಿಲ್ಲಿಸಿ ಬೈದರೆ ಬಸ್ಸೇನೂ ಬೇಗ ಬರುವುದಿಲ್ಲ. ಮೊದಲ ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಹೊಸ ಪಾಠ ಶುರು ಮಾಡದಿದ್ದರಾಯಿತು. ಆ ಹತ್ತು ನಿಮಿಷಕ್ಕೆ ಬೇರೆ ಕೆಲಸವಿದೆ, ಮುಂದೆ ಹೇಳುತ್ತೇನೆ.

ಎಂಬತ್ತು ಜನರ ಹೆಸರು ನೆನಪಿಟ್ಟುಕೊಳ್ಳುವುದು ಕಷ್ಟ, ನಿಜ. ಹಾಳೆ ಮಡಚಿ, ದಪ್ಪ ಅಕ್ಷರದಲ್ಲಿ ಹೆಸರು ಬರೆದು ಡೆಸ್ಕಿನ ಮೇಲೆ ನಿಲ್ಲಿಸಲು ಹೇಳಿ. ದಿನಕ್ಕೆ ಎರಡು ಬೆಂಚು ಕಲಿಯಿರಿ. ಹಾಜರಿಯನ್ನು ನಂಬರಿನಿಂದ ಕೂಗದೆ ಹೆಸರಿನಿಂದ ಕೂಗಿ. ಇಂಟರ್ನಲ್ಸ್ ಪೇಪರನ್ನು ಕ್ಲಾಸ್ ಲೀಡರ್ ಕೈಗೆ ಕೊಡದೆ ನೀವೇ ಹಂಚಿ. ಎರಡು ಕಾಲೇಜಿಗೆ ಓಡಾಡುವ ಅತಿಥಿ ಉಪನ್ಯಾಸಕರಿಗೆ ಪುರಸೊತ್ತು ಎಲ್ಲಿ ಎನ್ನಬಹುದು. ಹೆಸರಿನ ಹಾಳೆ ಇದ್ದರೆ ನೆನಪಿಲ್ಲದಿದ್ದರೂ ನಡೆಯುತ್ತದೆ.

ಪ್ರಶ್ನೆ ಕೇಳಿ, ಆಮೇಲೆ ಸುಮ್ನಿರಿ

‘ಅರ್ಥ ಆಯ್ತಾ?’ ಎಂದರೆ ಇಡೀ ಕ್ಲಾಸು ‘ಆಯ್ತು ಸರ್’ ಎನ್ನುತ್ತದೆ. ಅದನ್ನು ಪ್ರಶ್ನೆಗಳ ಲೆಕ್ಕದಿಂದ ತೆಗೆದುಬಿಡಿ.

ನಿಜವಾದ ಪ್ರಶ್ನೆ ಕೇಳಿದಾಗಲೂ ನಾವು ಕಾಯುವುದಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1960–70ರ ದಶಕಗಳಲ್ಲಿ ಶಾಲೆಗಳ ವಿಜ್ಞಾನ ಪಾಠಗಳನ್ನು ರೆಕಾರ್ಡ್ ಮಾಡಿ ಇದನ್ನೇ ಅಳೆದರು. ಶಿಕ್ಷಕರು ಸುಮಾರು ಒಂದು ಸೆಕೆಂಡ್ ಕಾದು, ಇನ್ನೊಬ್ಬರನ್ನು ಕೇಳುತ್ತಿದ್ದರು ಅಥವಾ ತಾವೇ ಉತ್ತರ ಹೇಳುತ್ತಿದ್ದರು. ಮೂರು ಸೆಕೆಂಡ್ ಅಥವಾ ಜಾಸ್ತಿ ಕಾದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಪ್ರಶ್ನೆಗಳು ಕಡಿಮೆಯಾದವು. ನಮ್ಮ ಹುಡುಗರು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಬೇಕು. ಅವರಿಗೆ ಹತ್ತು ಸೆಕೆಂಡಾದರೂ ಕೊಡಿ. ಮನಸ್ಸಿನಲ್ಲೇ ಎಣಿಸಿ. ಆ ಮೌನ ಮೊದಮೊದಲು ಹಿಂಸೆ ಅನಿಸುತ್ತದೆ, ಆದರೂ ತಡೆದುಕೊಳ್ಳಿ.

ಉತ್ತರ ತಪ್ಪಿದ್ದರೆ ‘ತಪ್ಪು, ಕೂತ್ಕೋ’ ಅನ್ನಬೇಡಿ. ‘ಅದು ಹೆಂಗೆ ಬಂತು, ಹೇಳಪ್ಪಾ’ ಅನ್ನಿ. ಒಬ್ಬನಿಗೆ ಅವಮಾನವಾದರೆ ಇಡೀ ಸಾಲು ಬಾಯಿ ಮುಚ್ಚುತ್ತದೆ.

ಬೆರಳಿನ ಓಟು

ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವುದು ಇದೇ ಎಂದು ನನ್ನ ಅನಿಸಿಕೆ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ಶುರು ಮಾಡಿದ ಪದ್ಧತಿ. ನಮ್ಮಲ್ಲಿ ಯಾವ ಯಂತ್ರವೂ ಇಲ್ಲದೆ ಮಾಡಬಹುದು.

ಅರ್ಥಶಾಸ್ತ್ರದ ಕ್ಲಾಸು ಎಂದುಕೊಳ್ಳಿ. ಬೋರ್ಡ್ ಮೇಲೆ ಬರೆಯಿರಿ: ಹೋದ ವರ್ಷ ಮೆಕ್ಕೆಜೋಳಕ್ಕೆ ಒಳ್ಳೆ ರೇಟು ಸಿಕ್ಕಿತೆಂದು ಈ ವರ್ಷ ಎಲ್ಲರೂ ಅದನ್ನೇ ಬಿತ್ತಿದರು. ಬೇರೇನೂ ಬದಲಾಗಿಲ್ಲ. ಸುಗ್ಗಿಯಲ್ಲಿ ರೇಟು ಬಿತ್ತು, ಮಾಲು ಜಾಸ್ತಿ ಮಾರಾಟವಾಯಿತು. ಸರಿದದ್ದು ಯಾವ ರೇಖೆ? 1. ಬೇಡಿಕೆ. 2. ಪೂರೈಕೆ. 3. ಎರಡೂ.

ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಲಿ. ಆಮೇಲೆ ‘ಒಂದು, ಎರಡು, ಮೂರು’ ಎಂದೊಡನೆ ಎಲ್ಲರೂ ಒಟ್ಟಿಗೆ ಬೆರಳು ತೋರಿಸಲಿ. ಕೈ ಎದೆಯ ಹತ್ತಿರವೇ ಇರಲಿ, ಪಕ್ಕದವರಿಗೆ ಕಾಣಬಾರದು. ಜಾಸ್ತಿ ಮಾರಾಟವಾಯಿತಲ್ಲ, ಹಾಗಾದರೆ ಬೇಡಿಕೆಯೂ ಸರಿದಿರಬೇಕು ಎಂದು ಮೂರು ಬೆರಳು ತೋರಿಸುವವರು ಇದ್ದೇ ಇರುತ್ತಾರೆ. ಸರಿದದ್ದು ಪೂರೈಕೆ ಮಾತ್ರ. ರೇಟು ಇಳಿದದ್ದಕ್ಕೆ ಕೊಳ್ಳುವವರು ಜಾಸ್ತಿ ಕೊಂಡಿದ್ದಾರೆ, ಅಂದರೆ ಹಳೆಯ ಬೇಡಿಕೆ ರೇಖೆಯ ಮೇಲೇ ಕೆಳಗೆ ಇಳಿದಿದ್ದಾರೆ. ಆದರೆ ಇದನ್ನು ತಕ್ಷಣ ಹೇಳಬೇಡಿ.

ಸರಿ ಉತ್ತರ ಶೇ 70ಕ್ಕಿಂತ ಜಾಸ್ತಿ ಇದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಿ. ಶೇ 30ಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಮತ್ತೊಮ್ಮೆ ಮಾಡಿ. ನಡುವೆ ಇದ್ದರೆ, ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ಎರಡು ಮೂರು ನಿಮಿಷ ವಾದ ಮಾಡಲು ಬಿಡಿ. ಕನ್ನಡದಲ್ಲೇ ಮಾಡಲಿ. ಇಂಗ್ಲಿಷಿನಲ್ಲಿ ಬರೆಯುವುದು ಆಮೇಲೆ. ಮನೆಯಲ್ಲಿ ಮೆಕ್ಕೆಜೋಳ ಬೆಳೆಯುವ ಹುಡುಗ ಅವತ್ತು ಮುಂದಿನ ಬೆಂಚಿನವರಿಗೇ ಪಾಠ ಹೇಳಿದರೂ ಹೇಳಿದ. ಆಮೇಲೆ ಮತ್ತೆ ಓಟು ಹಾಕಿಸಿ, ಕೊನೆಗೆ ವಿವರಿಸಿ. ಒಂದು ಗಂಟೆಗೆ ಇಂಥ ಒಂದೆರಡು ಪ್ರಶ್ನೆ ಸಾಕು.

ಕೊನೆಯ ಎರಡು ನಿಮಿಷ

ಬೆಲ್ಲಿಗೆ ಮೊದಲು ಚೀಟಿ ಬರೆಸಿ: ‘ಇವತ್ತು ತಲೆಗೆ ಹೋಗದೇ ಇದ್ದದ್ದು ಯಾವುದು?’ ಹೆಸರು ಬೇಡ. ಸಂಜೆ ಕಣ್ಣಾಡಿಸಿದರೆ ಎರಡು ಮೂರು ಗೊಂದಲಗಳೇ ಮತ್ತೆ ಮತ್ತೆ ಕಾಣುತ್ತವೆ. ಮಾರನೇ ದಿನದ ಆ ಮೊದಲ ಹತ್ತು ನಿಮಿಷ ಇವಕ್ಕೇ ಮೀಸಲು.

ತರಗತಿಯ ಹೊರಗೆ

‘ಡೌಟ್ ಇದ್ರೆ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ‘ಬುಧವಾರ ಊಟದ ಬಿಡುವಿನಲ್ಲಿ ಲೈಬ್ರರಿಯಲ್ಲಿ ಇರುತ್ತೇನೆ, ಇಬ್ಬರು ಮೂವರು ಸೇರಿ ಬನ್ನಿ’ ಅನ್ನಿ. ಜೊತೆಗೆ ಗೆಳತಿ ಇದ್ದರೆ ಹುಡುಗಿಯರೂ ಬರುತ್ತಾರೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮಾರ್ಕ್ಸ್ ಪಟ್ಟಿ ಹಾಕಬೇಡಿ, ರಾತ್ರಿ ಮೆಸೇಜೂ ಬೇಡ.

ಒಬ್ಬ ವಾರದಿಂದ ಬಂದಿಲ್ಲವೇ? ಶೇ 75 ಹಾಜರಿ ಇಲ್ಲದವರ ಪಟ್ಟಿ ನೋಟಿಸ್ ಬೋರ್ಡಿಗೆ ಬರುವ ತನಕ ಕಾಯಬೇಡಿ. ಬಂದ ದಿನ ‘ಯಾಕೋ ಕಾಣಲಿಲ್ಲ, ಹುಷಾರಿದ್ದೀಯಾ?’ ಎಂದು ಪಕ್ಕಕ್ಕೆ ಕರೆದು ಕೇಳಿ. ಈರುಳ್ಳಿ ಕೀಳುವ ಕೆಲಸವೋ, ರಾತ್ರಿ ಪಾಳಿಯೋ, ಏನೋ ಒಂದು ಹೊರಬರುತ್ತದೆ.

ಸೆಮಿಸ್ಟರ್ ಅರ್ಧಕ್ಕೆ

ಕೊನೆಯಲ್ಲಿ ಕೇಳಿ ಏನು ಲಾಭ? ಆರೇಳು ವಾರವಾದಾಗಲೇ ಹೆಸರಿಲ್ಲದ ಚೀಟಿಯಲ್ಲಿ ಕೇಳಿ: ಏನು ಮುಂದುವರಿಸಲಿ, ಏನು ನಿಲ್ಲಿಸಲಿ, ಏನು ಶುರು ಮಾಡಲಿ? ಮುಂದಿನ ಕ್ಲಾಸಿನಲ್ಲೇ ಉತ್ತರ ಕೊಡಿ. ಹಿಂದಿನವರಿಗೆ ಬೋರ್ಡು ಕಾಣುತ್ತಿಲ್ಲ ಎಂದಿದ್ದರೆ ಅವತ್ತೇ ಅಕ್ಷರ ದೊಡ್ಡದಾಗಲಿ. ‘ಅಸೈನ್‌ಮೆಂಟ್ ಬೇಡ’ ಎಂದಿದ್ದರೆ ಯಾಕೆ ಬಿಡಲಾಗುವುದಿಲ್ಲ ಎಂದು ನೇರವಾಗಿ ಹೇಳಿ, ಕೊನೆಯ ದಿನಾಂಕವನ್ನಾದರೂ ಅವರನ್ನೇ ಕೇಳಿ ಗೊತ್ತು ಮಾಡಿ.