ಜಿಐಎಸ್ ಪದವಿಯನ್ನು ನಾನು ಓದಿದ ರೀತಿ

ನಾನು ಪದವಿ ಮಾಡಿದ್ದು ಭೌಗೋಳಿಕ ಮಾಹಿತಿ ವಿಜ್ಞಾನದಲ್ಲಿ. ಜಿಐಎಸ್ ಅಂತ ಕರೆಯುವುದು ಇದನ್ನೇ: ಜಾಗಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಕೂಡಿಟ್ಟು, ನಕ್ಷೆ ಮಾಡಿ, ಲೆಕ್ಕ ಹಾಕುವ ವಿದ್ಯೆ. ಈ ಕೋರ್ಸ್ ಸೇರಬೇಕು ಅಂತಿರುವವರು ಹೆಚ್ಚಾಗಿ ಮೊದಲು ಕೇಳುವುದು, ಯಾವ ಸಾಫ್ಟ್‌ವೇರ್ ಕಲಿಸ್ತಾರೆ ಅಂತ. ಸಾಫ್ಟ್‌ವೇರ್ ಕಲಿಯಲೇಬೇಕು, ನಿಜ. ಆದರೆ ಅದಕ್ಕೆ ವರ್ಷಗಟ್ಟಲೆ ಬೇಕಾಗಿಲ್ಲ. ಯಾವ ಬಟನ್ ಎಲ್ಲಿದೆ ಅನ್ನುವುದು ಕೆಲವೇ ತಿಂಗಳಲ್ಲಿ ಕೈಗೆ ಹತ್ತುತ್ತದೆ. ಎದುರಿಗಿರುವ ನಕ್ಷೆಯನ್ನು ಎಷ್ಟು ನಂಬಬಹುದು ಅಂತ ಲೆಕ್ಕ ಹಾಕಿ ಹೇಳುವುದಿದೆಯಲ್ಲ, ಅದಕ್ಕೆ ನಿಜವಾಗಿ ಸಮಯ ಹಿಡಿಯುತ್ತದೆ. ನಾನು ಪ್ರತಿ ವಿಷಯವನ್ನೂ ಈ ಪ್ರಶ್ನೆ ಇಟ್ಟುಕೊಂಡೇ ಓದಿದೆ.

ಮೊದಲ ವರ್ಷ ನನಗೆ ಜಾಸ್ತಿ ಹಿಡಿಸಿದ್ದು ಭೂಮಿಯ ಆಕಾರ ಮತ್ತು ಪ್ರೊಜೆಕ್ಷನ್, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ. ಬಹಳ ಜನ ಇದನ್ನು ಬೇಗ ಮುಗಿಸಿ ಮುಂದೆ ಹೋಗಲು ನೋಡುತ್ತಾರೆ. ನಾನು ಇಲ್ಲೇ ನಿಂತೆ. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಮಾದರಿಯಲ್ಲಿ ಭೂಮಿಯ ತ್ರಿಜ್ಯ ಸಮಭಾಜಕದ ಬಳಿ ಸುಮಾರು 6378 ಕಿ.ಮೀ., ಧ್ರುವದ ಬಳಿ ಸುಮಾರು 6357 ಕಿ.ಮೀ. ಈ 21 ಕಿ.ಮೀ. ವ್ಯತ್ಯಾಸ ಸಣ್ಣದು ಅನಿಸಬಹುದು. ಆದರೆ ಬೇರೆ ಮಾದರಿಯ ಮೇಲೆ ಕಟ್ಟಿದ ಹಳೇ ನಕ್ಷೆಯನ್ನು ಹಾಗೇ ತಂದು ಹೊಸದರ ಮೇಲೆ ಕೂರಿಸಿದರೆ ರಸ್ತೆಗಳು ನೂರಾರು ಮೀಟರ್ ಪಕ್ಕಕ್ಕೆ ಸರಿದು ಕೂರಬಹುದು. ರೇಖಾಂಶದ ಒಂದು ಡಿಗ್ರಿ ಸಮಭಾಜಕದಲ್ಲಿ ಸುಮಾರು 111 ಕಿ.ಮೀ. ಇರುತ್ತದೆ, 60 ಡಿಗ್ರಿ ಅಕ್ಷಾಂಶಕ್ಕೆ ಹೋದರೆ ಅದರಲ್ಲಿ ಅರ್ಧ. ಹಾಗಾಗಿ ಡಿಗ್ರಿಯಲ್ಲಿರುವ ಡೇಟಾ ಮೇಲೆ ನೇರವಾಗಿ ದೂರ ಅಳೆದರೆ ಬರುವ ಸಂಖ್ಯೆಗೆ ಅರ್ಥವೇ ಇರುವುದಿಲ್ಲ.

ಇದನ್ನೆಲ್ಲ ಕ್ಯಾಲ್ಕುಲೇಟರ್ ಹಿಡಿದು ನಾನೇ ಲೆಕ್ಕ ಮಾಡಿದೆ. ಯುಟಿಎಂ ಅನ್ನುವ ಪ್ರೊಜೆಕ್ಷನ್ ಪದ್ಧತಿ ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ಹಂಚುತ್ತದೆ. ಪ್ರತಿ ವಲಯದ ನಡುಗೆರೆಯಲ್ಲಿ ಅಳತೆಯನ್ನು 0.9996ಕ್ಕೆ ಇಳಿಸಿರುತ್ತಾರೆ. ಅಂದರೆ ಅಲ್ಲಿ ನೆಲದ ಮೇಲಿನ ಒಂದು ಕಿ.ಮೀ. ನಕ್ಷೆಯ ಲೆಕ್ಕದಲ್ಲಿ 999.6 ಮೀಟರ್. ಅಂಚಿನ ಕಡೆ ಹೋದಂತೆ ಅಳತೆ ಹಿಗ್ಗುತ್ತದೆ. ತಪ್ಪನ್ನು ಒಂದೇ ಕಡೆ ಪೇರಿಸದೆ ವಲಯದ ಉದ್ದಗಲಕ್ಕೂ ಹಂಚುವ ಉಪಾಯ ಇದು. ನಕ್ಷೆಗಾರ ಮರ್ಕೇಟರ್ 1569ರಲ್ಲಿ ಕೊಟ್ಟ ಪ್ರೊಜೆಕ್ಷನ್ ಬಳಸಿದ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ ಅಂತ ಎಲ್ಲರೂ ಕೇಳಿರುತ್ತಾರೆ. ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ನಾವಿಕರಿಗೆ ದಿಕ್ಕು ಸರಿಯಾಗಿ ಸಿಗಬೇಕಿತ್ತು, ಅದಕ್ಕೆ ವಿಸ್ತೀರ್ಣ ಬಿಟ್ಟುಕೊಟ್ಟರು. ಏನು ಉಳಿಸಿಕೊಂಡರು, ಏನು ಬಿಟ್ಟುಕೊಟ್ಟರು ಅಂತ ಪ್ರತಿ ನಕ್ಷೆಗೂ ಕೇಳುವ ಅಭ್ಯಾಸ ನನಗೆ ಅಲ್ಲಿಂದ ಬಂತು.

ಎರಡನೇ ವರ್ಷದಿಂದ ಒಂದು ಪದ್ಧತಿ ಇಟ್ಟುಕೊಂಡೆ. ಲ್ಯಾಬ್‌ನಲ್ಲಿ ಯಾವುದೇ ಹೊಸ ಟೂಲ್ ಬಂದರೂ, ಕಂಪ್ಯೂಟರಿನಲ್ಲಿ ಓಡಿಸುವ ಮೊದಲು ಗ್ರಾಫ್ ಹಾಳೆಯ ಮೇಲೆ ಸಣ್ಣದಾಗಿ ಮಾಡಿ ನೋಡುವುದು. ಇಳಿಜಾರು ಲೆಕ್ಕ ಹಾಕುವ ಟೂಲ್ ಅಂದುಕೊಳ್ಳಿ. ಎತ್ತರದ ಸಂಖ್ಯೆಗಳಿರುವ ಒಂಬತ್ತು ಚೌಕ ಬರೆಯುತ್ತಿದ್ದೆ. ಹಾರ್ನ್ ಅನ್ನುವ ಸಂಶೋಧಕ 1981ರಲ್ಲಿ ಕೊಟ್ಟ ವಿಧಾನದಲ್ಲಿ ನಡುವಿನ ಚೌಕಕ್ಕೆ ಸುತ್ತಲಿನ ಎಂಟೂ ಲೆಕ್ಕಕ್ಕೆ ಬರುತ್ತವೆ. ಇನ್ನೊಂದು ವಿಧಾನದಲ್ಲಿ ಅಕ್ಕಪಕ್ಕ, ಮೇಲೆ ಕೆಳಗಿನ ನಾಲ್ಕು ಮಾತ್ರ. ಅದೇ ಸಂಖ್ಯೆಗಳು, ಆದರೆ ಎರಡು ಬೇರೆ ಉತ್ತರ! ಉಬ್ಬುತಗ್ಗು ಜಾಸ್ತಿ ಇರುವ ಜಾಗದಲ್ಲಿ ಈ ಅಂತರ ಎದ್ದು ಕಾಣುತ್ತದೆ. ಇದನ್ನು ಕೈಯಲ್ಲಿ ಮಾಡಿದ ಮೇಲೆ 'ಇಳಿಜಾರು 12 ಡಿಗ್ರಿ' ಅಂತ ಯಾರಾದರೂ ಹೇಳಿದರೆ, ಯಾವ ವಿಧಾನ, ಚೌಕ ಎಷ್ಟು ಮೀಟರಿನದು ಅಂತ ತಾನಾಗೇ ಬಾಯಿಗೆ ಬರುತ್ತದೆ. ಈ ಓದಿನಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದೇ ಅಂತ ಈಗಲೂ ಅನಿಸುತ್ತದೆ.

ಸಂಖ್ಯಾಶಾಸ್ತ್ರಕ್ಕೆ ಹೆದರಿ ಈ ಪದವಿ ಕಡೆ ಬರುವವರಿದ್ದಾರೆ. ಭೂಗೋಳ ಅಂದರೆ ಲೆಕ್ಕ ಕಡಿಮೆ ಅಂತ ಅವರ ಊಹೆ. ಹಾಗಿಲ್ಲ. ಹತ್ತಿರ ಇರುವ ವಸ್ತುಗಳು ದೂರದವುಗಳಿಗಿಂತ ಹೆಚ್ಚು ಸಂಬಂಧ ಹೊಂದಿರುತ್ತವೆ ಅನ್ನುವುದು ಭೂಗೋಳ ತಜ್ಞ ವಾಲ್ಡೋ ಟೋಬ್ಲರ್ 1970ರಲ್ಲಿ ಹೇಳಿದ ಮಾತು. ಇದು ನಿಜವಾದರೆ ಸಾಮಾನ್ಯ ಸಂಖ್ಯಾಶಾಸ್ತ್ರದ ಒಂದು ಬುನಾದಿಯೇ ಅಲುಗಾಡುತ್ತದೆ. ಪ್ರತಿ ಅಳತೆಯೂ ಇನ್ನೊಂದರಿಂದ ಸ್ವತಂತ್ರ ಅಂತ ಅದು ಹಿಡಿದುಕೊಂಡಿರುತ್ತದೆ. ಪಕ್ಕಪಕ್ಕದ ಎರಡು ಜಾಗದ ಮಳೆ ಒಂದಕ್ಕೊಂದು ಸ್ವತಂತ್ರ ಆಗಲು ಸಾಧ್ಯವಿಲ್ಲ, ಅಲ್ವಾ? ಅದಕ್ಕೇ ಹತ್ತಿರದ ಜಾಗಗಳ ಸಂಖ್ಯೆಗಳು ಎಷ್ಟು ಹೋಲುತ್ತವೆ ಅಂತ ಹೇಳುವ ಮೊರಾನ್ ಸೂಚ್ಯಂಕದಂಥ ಬೇರೆ ಅಳತೆಗಳು ಬೇಕಾಗುತ್ತವೆ.

ಇನ್ನೊಂದು ಸಂಗತಿ ಗಡಿಗಳದ್ದು. ಒಂದೇ ಡೇಟಾವನ್ನು ಬೇರೆ ಬೇರೆ ಗಡಿಗಳಲ್ಲಿ ಗುಂಪು ಮಾಡಿದರೆ ಫಲಿತಾಂಶ ಬದಲಾಗುತ್ತದೆ. ಗೆಲ್ಕೆ ಮತ್ತು ಬೀಲ್ ಅನ್ನುವ ಸಂಶೋಧಕರು 1934ರಲ್ಲೇ ಇದನ್ನು ತೋರಿಸಿದ್ದರು. ನಾನು ಬಿಂದುಗಳ ಒಂದು ಡೇಟಾ ತಗೊಂಡು ಮೊದಲು ಸಣ್ಣ ಚೌಕಗಳಲ್ಲಿ, ಆಮೇಲೆ ದೊಡ್ಡ ಚೌಕಗಳಲ್ಲಿ, ಆಮೇಲೆ ಚೌಕಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎಣಿಸಿ, ಎಣಿಕೆಗೆ ತಕ್ಕ ಬಣ್ಣ ತುಂಬಿದೆ. ಕೆಂಪಾಗಿದ್ದ ಜಾಗ ಹಳದಿಯಾಯಿತು, ಹಳದಿಯಾಗಿದ್ದದ್ದು ಕೆಂಪಾಯಿತು. ಬಿಂದುಗಳಲ್ಲಿ ಒಂದೂ ಕದಲಿರಲಿಲ್ಲ. ಅಪರಾಧ, ರೋಗ, ಮತದಾನದ ಬಣ್ಣ ತುಂಬಿದ ನಕ್ಷೆ ನೋಡುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ರಿಮೋಟ್ ಸೆನ್ಸಿಂಗ್, ಅಂದರೆ ಉಪಗ್ರಹದಂಥ ದೂರದ ಸಾಧನಗಳಿಂದ ನೆಲವನ್ನು ಗಮನಿಸುವುದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರಲ್ಲಿ. 2008ರಿಂದ ಅದರ ಚಿತ್ರಗಳ ಇಡೀ ಸಂಗ್ರಹ ಉಚಿತವಾಯಿತು. ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಗಣಿ ಇಲ್ಲ. ಆಮೇಲಿನ ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕಿ, ಸಾಮಾನ್ಯವಾಗಿ 30 ಮೀಟರ್ ಉದ್ದಗಲ; ಅಂದರೆ 900 ಚದರ ಮೀಟರ್ ಜಾಗಕ್ಕೆ ಒಂದೇ ಉತ್ತರ. ಅದರೊಳಗೆ ಮನೆ, ಮರ, ರಸ್ತೆ ಎಲ್ಲ ಇರಬಹುದು. ಬರೀ ಮಣ್ಣಿನ ನೆಲವನ್ನು ಕಟ್ಟಡ ಅಂತ ಕಂಪ್ಯೂಟರ್ ಗುರುತಿಸುವುದು ಸಾಮಾನ್ಯ, ಎರಡೂ ಬೆಳಕನ್ನು ಸುಮಾರಾಗಿ ಒಂದೇ ಥರ ಪ್ರತಿಫಲಿಸುತ್ತವೆ. ಯಾವುದನ್ನು ಯಾವುದು ಅಂತ ಎಷ್ಟು ಸಲ ತಪ್ಪಾಗಿ ಗುರುತಿಸಿತು ಅನ್ನುವ ಪಟ್ಟಿ ಇಲ್ಲದೆ ಭೂಬಳಕೆ ನಕ್ಷೆಯನ್ನು ನಾನು ಯಾರಿಗೂ ಕೊಟ್ಟಿಲ್ಲ.

ಕೋಡಿಂಗ್ ಬೇಗ ಶುರು ಮಾಡಿದ್ದು ಬಹಳ ಉಪಯೋಗಕ್ಕೆ ಬಂತು. ಪೈಥಾನ್ ಮತ್ತು ಎಸ್‌ಕ್ಯೂಎಲ್ ಎರಡೂ ಬೇಕು; ಮೊದಲನೆಯದು ಪ್ರೋಗ್ರಾಮ್ ಬರೆಯಲು, ಎರಡನೆಯದು ಡೇಟಾಬೇಸನ್ನು ಪ್ರಶ್ನಿಸಲು. ಕ್ಯೂಜಿಐಎಸ್, ಪೋಸ್ಟ್‌ಜಿಐಎಸ್ ಅನ್ನುವ ಜಿಐಎಸ್ ಸಾಫ್ಟ್‌ವೇರ್‌ಗಳು ಎರಡೂ ಉಚಿತ, ಹಾಗಾಗಿ ಲ್ಯಾಬ್ ಮುಚ್ಚಿದ ಮೇಲೂ ಅಭ್ಯಾಸ ನಿಲ್ಲಲಿಲ್ಲ. ಮೌಸ್ ಕ್ಲಿಕ್ ಮಾಡಿ ಮಾಡಿದ ಕೆಲಸ ಆರು ತಿಂಗಳಾದ ಮೇಲೆ ಹೇಗೆ ಮಾಡಿದ್ದು ಅಂತ ನೆನಪಿರುವುದಿಲ್ಲ. ಕೋಡ್ ಇದ್ದರೆ ಪ್ರತಿ ಹೆಜ್ಜೆಯೂ ಬರಹದಲ್ಲಿ ಇರುತ್ತದೆ, ಬೇರೆಯವರು ತಿರುಗಿ ಓಡಿಸಿ ನೋಡಬಹುದು.

ಕೊನೇ ವರ್ಷದ ಪ್ರಾಜೆಕ್ಟಿಗೆ ನಾನು ತಗೊಂಡಿದ್ದು ಆರೋಗ್ಯ ಕೇಂದ್ರಕ್ಕೆ ನಡೆದು ಹೋಗಬಲ್ಲವರು ಎಷ್ಟು ಜನ ಅನ್ನುವ ಪ್ರಶ್ನೆ. ಸುಲಭದ ದಾರಿ ಅಂದರೆ ಪ್ರತಿ ಕೇಂದ್ರದ ಸುತ್ತ 500 ಮೀಟರಿನ ವೃತ್ತ ಎಳೆದು ಒಳಗಿರುವ ಜನರನ್ನು ಎಣಿಸುವುದು. ಅದನ್ನೂ ಮಾಡಿದೆ. ಆಮೇಲೆ ಜನರೇ ಸೇರಿ ಕಟ್ಟಿದ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆಗಳ ಮೇಲೆ ನಡೆಯುವ ದೂರ ಲೆಕ್ಕ ಹಾಕಿದೆ. ದುಂಡಗಿದ್ದ ಆಕಾರ ಕೈಕಾಲು ಚಾಚಿದ ಹಾಗೆ ಆಯಿತು, ವಿಸ್ತೀರ್ಣವೂ ಸಾಕಷ್ಟು ಕುಗ್ಗಿತು. ರೈಲು ಹಳಿಯ ಆಚೆ ಇದ್ದವರು ನೇರ ದೂರದಲ್ಲಿ ತೀರಾ ಹತ್ತಿರ. ಆದರೆ ಸೇತುವೆ ಸುತ್ತಿಕೊಂಡು ಬರಬೇಕು. ವೃತ್ತದ ಪ್ರಕಾರ ಅವರಿಗೆ ಸೌಲಭ್ಯ ಇದೆ, ಕಾಲಿನ ಪ್ರಕಾರ ಇಲ್ಲ.

ಅಲ್ಲಿಗೆ ಮುಗಿಯಲಿಲ್ಲ. ನಕ್ಷೆಯಲ್ಲಿ ಇಲ್ಲದ ಕಾಲುದಾರಿಗಳಿರಬಹುದು ಅಂತ ಆಯ್ದ ಜಾಗಗಳಿಗೆ ನಾನೇ ಹೋಗಿ ನಡೆದೆ. ಸಿಕ್ಕ ದಾರಿಗಳನ್ನು ಸೇರಿಸಿದೆ. ಜನಗಣತಿ ಬ್ಲಾಕ್‌ನ (ಎಣಿಕೆಗಾಗಿ ಗುರುತಿಸಿದ ಸಣ್ಣ ಪ್ರದೇಶದ) ಅರ್ಧ ಭಾಗ ಮಾತ್ರ ನಡೆಯಬಲ್ಲ ದೂರದೊಳಗೆ ಬಂದಾಗ ಅರ್ಧ ಜನ ಅಂತ ಹಿಡಿಯುವುದು ವಾಡಿಕೆ. ಬ್ಲಾಕಿನ ಉಳಿದರ್ಧ ಕೆರೆಯಾಗಿದ್ದರೆ? ಹಾಗಾಗಿ ಕಟ್ಟಡಗಳಿರುವ ಜಾಗಕ್ಕೆ ಮಾತ್ರ ಜನರನ್ನು ಹಂಚಿ ಇನ್ನೊಂದು ಲೆಕ್ಕ ತೆಗೆದೆ. ವರದಿಯಲ್ಲಿ ಒಂದೇ ಸಂಖ್ಯೆ ಕೊಡದೆ, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಬರೆದು, ಅಂತರ ಯಾಕೆ ಬಂತು ಅನ್ನುವುದನ್ನೂ ವಿವರಿಸಿದೆ. ಕೆಲಸದ ಸಂದರ್ಶನದಲ್ಲಿ ಜಾಸ್ತಿ ಪ್ರಶ್ನೆ ಬಂದಿದ್ದು ಆ ಪುಟದ ಮೇಲೇ.

ಕೋರ್ಸ್ ಆಯ್ಕೆ ಮಾಡುವವರು ಪಠ್ಯಕ್ರಮದ ಪಟ್ಟಿ ತೆಗೆದು ನೋಡಿ. ಪ್ರೊಜೆಕ್ಷನ್, ಸ್ಥಳಕ್ಕೆ ಸಂಬಂಧಿಸಿದ ದತ್ತಾಂಶದ ಸಂಖ್ಯಾಶಾಸ್ತ್ರ, ಡೇಟಾಬೇಸ್, ಪ್ರೋಗ್ರಾಮಿಂಗ್, ಹೊರಗೆ ಹೋಗಿ ಅಳೆಯುವ ಕೆಲಸ, ಇವು ಇರಲೇಬೇಕು. ಬರೀ ಒಂದು ಕಂಪನಿಯ ಸಾಫ್ಟ್‌ವೇರಿನ ಹೆಸರಿನಲ್ಲೇ ಪತ್ರಿಕೆಗಳಿದ್ದರೆ ಇನ್ನೊಂದು ಕಾಲೇಜು ಹುಡುಕಿ. ಜೊತೆಗೆ ನಿಮಗೆ ಇಷ್ಟವಾದ ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಓದಿ: ನೀರು, ಕಾಡು, ಸಾರಿಗೆ, ಆರೋಗ್ಯ, ಯಾವುದಾದರೂ ಆಗಲಿ. ಭೂಗೋಳ ತಜ್ಞ ರೋಜರ್ ಟಾಮ್ಲಿನ್‌ಸನ್ 1960ರ ದಶಕದಲ್ಲಿ ಮೊದಲ ಜಿಐಎಸ್ ಕಟ್ಟಿದ್ದು ಕೆನಡಾದ ನೆಲ ಯಾವುದಕ್ಕೆ ಯೋಗ್ಯ ಅಂತ ತಿಳಿಯಲಿಕ್ಕೆ. ಕೇಳಬೇಕಾದ ಪ್ರಶ್ನೆ ಆ ಎರಡನೇ ವಿಷಯದಿಂದಲೇ ಬರುತ್ತದೆ.