ನೀಲಿ ನಕ್ಷತ್ರ ಸಿಗೋವರೆಗೆ

ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಸತ್ತುಹೋದ ಒಂದು ನಕ್ಷತ್ರವನ್ನು. ಹೆಸರು ಸಾಂಡುಲೀಕ್ -69 202. ಅದು ಸಿಡಿದಾಗ, 1987ರ ಫೆಬ್ರವರಿಯಲ್ಲಿ, ಚಿಲಿಯ ಲಾಸ್ ಕಂಪಾನಾಸ್ ವೀಕ್ಷಣಾಲಯದಲ್ಲಿದ್ದವರಿಗೆ ಬರಿಗಣ್ಣಿಗೇ ಕಂಡಿತ್ತು. ಸೂಪರ್‌ನೋವಾ 1987ಎ ಅನ್ನುವುದು ಅದನ್ನೇ.

ಸಿಡಿಯುವ ಮೊದಲೇ ಅದು ಫೋಟೋಗಳಲ್ಲಿ ಸಿಕ್ಕಿತ್ತು. ಹಾಗಾಗಿ ಅದರ ಬಣ್ಣ ಗೊತ್ತಿತ್ತು: ನೀಲಿ. ತಲೆನೋವು ಶುರುವಾದದ್ದೇ ಅಲ್ಲಿ. ಸೂರ್ಯನ ಹದಿನೆಂಟು ಇಪ್ಪತ್ತು ಪಟ್ಟು ತೂಕದ ನಕ್ಷತ್ರ ಸಾಯುವ ಹೊತ್ತಿಗೆ ಉಬ್ಬಿ, ಹೊರಗೆಲ್ಲ ತಣ್ಣಗಾಗಿ, ಕೆಂಪಾಗಿರಬೇಕು ಅಂತ ಎಲ್ಲರೂ ನಂಬಿದ್ದರು. ಇದರ ಮೈ ಮಾತ್ರ ಸುಮಾರು 16,000 ಕೆಲ್ವಿನ್ ಬಿಸಿ ಇತ್ತು.

ನಾನು ಬಳಸಿದ್ದು ಮೆಸಾ ಅನ್ನುವ ಉಚಿತ ಪ್ರೋಗ್ರಾಂ. ಇನ್‌ಲಿಸ್ಟ್ ಎಂಬ ಫೈಲಿನಲ್ಲಿ ತೂಕ, ಲೋಹಗಳ (ಹೀಲಿಯಂಗಿಂತ ಭಾರದ ಧಾತುಗಳಿಗೆಲ್ಲ ಖಗೋಳದಲ್ಲಿ ಇದೇ ಹೆಸರು) ಪಾಲು ಇತ್ಯಾದಿ ಬರೆದು ಓಡಿಸಿದರೆ ನಕ್ಷತ್ರದ ಇಡೀ ಬಾಳು ಕಣ್ಣೆದುರೇ ನಡೆಯುತ್ತದೆ. ಮೊದಲು 18 ಸೂರ್ಯರ ತೂಕದ ಒಂಟಿ ನಕ್ಷತ್ರ ಹಾಕಿದೆ. ಹೈಡ್ರೋಜನ್ ಉರಿಯುವ ಸುಮಾರು ಒಂದು ಕೋಟಿ ವರ್ಷ ನಾನು ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಹೀಲಿಯಂನ ಹತ್ತು ಲಕ್ಷ ವರ್ಷವೂ ಬೇಗ ಕಳೆಯಿತು. ನಿಧಾನ ಆಗುವುದು ಆಮೇಲೆ. ತಿರುಳಿನ ಒಳಗೆ ಬಿಸಿ ಏರಿದ ಹಾಗೆ ಎಲ್ಲವೂ ಎಷ್ಟು ಬೇಗ ಬದಲಾಗುತ್ತದೆ ಅಂದರೆ, ಪ್ರೋಗ್ರಾಂ ಕಾಲದಲ್ಲಿ ಪುಟ್ಟ ಪುಟ್ಟ ಹೆಜ್ಜೆ ಇಡಬೇಕಾಗುತ್ತದೆ. ಇಂಗಾಲ ಉರಿಯುವುದು ಸಾವಿರ ವರ್ಷದ ಆಸುಪಾಸು, ಸಿಲಿಕಾನ್ ಕೆಲವೇ ದಿನ. ಆ ಕೆಲವು ದಿನಗಳಿಗೆ ನನ್ನ ಲ್ಯಾಪ್‌ಟಾಪ್ ರಾತ್ರಿಯಿಡೀ ಫ್ಯಾನ್ ತಿರುಗಿಸಿತು.

ತೂಕ ಬದಲಿಸಿದೆ, ಲೋಹ ಕಡಿಮೆ ಮಾಡಿದೆ. ನಾನು ಹಾಕಿದ ಅಷ್ಟೂ ಒಂಟಿ ನಕ್ಷತ್ರಗಳು ಕೆಂಪಾಗಿಯೇ ಸತ್ತವು.

ಹಬಲ್ ದೂರದರ್ಶಕ ತೆಗೆದ ಚಿತ್ರದಲ್ಲಿ 1987ಎ ಸುತ್ತ ಮೂರು ಬಳೆಗಳಿವೆ. ನಕ್ಷತ್ರ ಸಿಡಿಯುವುದಕ್ಕೆ ಸುಮಾರು 20,000 ವರ್ಷ ಮೊದಲು ಉಗುಳಿದ ಅನಿಲ ಅದು. ಮೆಲ್ಲಗೆ ತಿರುಗುವ ಒಂಟಿ ನಕ್ಷತ್ರ ಅಷ್ಟು ಅಚ್ಚುಕಟ್ಟಾದ ಬಳೆ ಮಾಡುವುದು ಕಷ್ಟ. ಚಿಕ್ಕ ನಕ್ಷತ್ರವೊಂದು ಸುತ್ತುತ್ತಾ ದೊಡ್ಡದರ ಹೊಟ್ಟೆಯೊಳಗೆ ಇಳಿದು ಕರಗಿದರೆ ಬಳೆಗಳಿಗೂ ನೀಲಿ ಬಣ್ಣಕ್ಕೂ ಒಟ್ಟಿಗೇ ಉತ್ತರ ಸಿಗುತ್ತದೆ ಎಂಬುದು ಖಗೋಳ ವಿಜ್ಞಾನಿ ಪೊದ್ಸಿಯಾದ್ಲೋವ್‌ಸ್ಕಿ ಮತ್ತಿತರರ ವಾದ. ಇದೇನೂ ಅಪರೂಪದ ಕತೆಯಲ್ಲ. ಭಾರಿ ತೂಕದ ಓ ಜಾತಿಯ ನಕ್ಷತ್ರಗಳಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ತಮ್ಮ ಜೊತೆಗಾರನೊಂದಿಗೆ ವಸ್ತು ಹಂಚಿಕೊಳ್ಳುತ್ತವೆ, ಅವುಗಳಲ್ಲಿ ಮೂರರಲ್ಲಿ ಒಂದು ಪಾಲು ಕೂಡಿಯೇ ಹೋಗುತ್ತವೆ ಅಂತ 2012ರ ಅಧ್ಯಯನವೊಂದು ಲೆಕ್ಕ ಹಾಕಿದೆ.

ಆದರೆ ಮೆಸಾದಲ್ಲಿ ನಕ್ಷತ್ರ ಅಂದರೆ ಈರುಳ್ಳಿ ಇದ್ದ ಹಾಗೆ, ಬರೀ ಪದರಗಳು. ಪಕ್ಕದಿಂದ ಇನ್ನೊಂದನ್ನು ಡಿಕ್ಕಿ ಹೊಡೆಸಲು ಆಗಲ್ಲ. ಹಾಗಾಗಿ 16 ಸೂರ್ಯರ ತೂಕದ ನಕ್ಷತ್ರವನ್ನು ತಿರುಳಿನ ಹೀಲಿಯಂ ಮುಗಿಯುವವರೆಗೆ ಬೆಳೆಸಿ, ಸೇವ್ ಮಾಡಿಕೊಂಡು, ಮೇಲಿನಿಂದ 6 ಸೂರ್ಯರಷ್ಟು ವಸ್ತು ಸುರಿದೆ. ಮೊದಲು ತುಂಬಾ ಜೋರಾಗಿ ಸುರಿದೆ, ಹೆಜ್ಜೆಗಳು ನಿಮಿಷಗಳಿಗೆ ಇಳಿದು ನಿಂತುಹೋಯಿತು. ನಿಧಾನ ಮಾಡಿದೆ, ಓಡಿತು. ಆದರೂ ಕೆಂಪೇ.

ನಮ್ಮ ಗೈಡ್ ಮೇಡಂ ಗ್ರಾಫ್ ನೋಡಿ, "ಪಾಯಸದ ತಳದಲ್ಲಿ ಕೂತ ಬೆಲ್ಲ ಸೌಟು ಹಾಕದೆ ಮೇಲೆ ಬರುತ್ತೇನಪ್ಪಾ?" ಅಂದರು. ಒಳಗಿಳಿದ ನಕ್ಷತ್ರ ತಿರುಳಿನ ಅಂಚನ್ನೂ ಕೆದಕುತ್ತದೆ. ಅಲ್ಲಿನ ಹೀಲಿಯಂ ಹೊರಪದರಕ್ಕೆ ಬರುತ್ತದೆ, ತಿರುಳು ಚಿಕ್ಕದಾಗುತ್ತದೆ. ಬಳೆಗಳಲ್ಲಿ ಹೀಲಿಯಂ, ಸಾರಜನಕ ಎರಡೂ ಜಾಸ್ತಿ ಇರುವುದಕ್ಕೂ ಇದು ಹೊಂದುತ್ತದೆ.

ಒಂದು ವಾರ ಸೇವ್ ಮಾಡಿದ್ದ ಮಾಡೆಲ್ ಫೈಲಿನ ಮುಂದೆ ಕೂತೆ. ಪ್ರತಿ ಸಾಲೂ ಒಂದು ಪದರ. ಇಷ್ಟು ಪಾಲು ಹೈಡ್ರೋಜನ್, ಇಷ್ಟು ಹೀಲಿಯಂ, ಇಷ್ಟು ಸಾರಜನಕ. ಪ್ರತಿ ಸಾಲಿನ ಮೊತ್ತ ಸರಿಯಾಗಿ 1 ಆಗಬೇಕು. ತಿರುಳಿನ ಅಂಚಿನ ಹೀಲಿಯಂ ಸ್ವಲ್ಪ ತೆಗೆದು ಹೊರಪದರದ ಉದ್ದಕ್ಕೂ ಹರಡಿದೆ, ಮತ್ತೆ ಓಡಿಸಿದೆ.

ರಾತ್ರಿ ಎರಡು ಗಂಟೆ ಇರಬೇಕು. ಪರದೆಯ ಗ್ರಾಫಿನ ಬಲತುದಿಯಲ್ಲಿ, ತಣ್ಣನೆಯ ಕಡೆ, ಅಂಟಿಕೊಂಡಿದ್ದ ನನ್ನ ನಕ್ಷತ್ರದ ಚುಕ್ಕೆ ಕದಲಿತು. 4,000 ಕೆಲ್ವಿನ್, 6,000, 9,000. ಎಡಕ್ಕೆ ಜಾರುತ್ತಾ ಹೋಗಿ 15,000ದ ಹತ್ತಿರ ನಿಂತಿತು, ಅಲ್ಲಿಂದ ಕೊನೆಯವರೆಗೂ ಅಲ್ಲಾಡಲಿಲ್ಲ. ತಿರುಳು ಚಿಕ್ಕದು, ಹೊದಿಕೆ ದಪ್ಪ. ಅಂಥ ನಕ್ಷತ್ರ ಉಬ್ಬಿಕೊಂಡು ಉಳಿಯಲಾರದೆ ಕುಗ್ಗಿ ಬಿಸಿಯಾಗುತ್ತದೆ. ರೂಮ್‌ಮೇಟನ್ನು ಎಬ್ಬಿಸಿ ತೋರಿಸಿದೆ.

ಇದನ್ನು ಮಾಡಹೊರಟವರಿಗೆ ಒಂದೇ ಮಾತು: ಹೀಲಿಯಂ ಮುಗಿದ ಕೂಡಲೇ ಮಾಡೆಲ್ ಸೇವ್ ಮಾಡಿಡಿ. ಪ್ರತಿ ಸಲ ಹುಟ್ಟಿನಿಂದ ಶುರು ಮಾಡಿ ನಾನು ಹದಿನೈದು ದಿನ ಕಳೆದುಕೊಂಡೆ.

ಜನವರಿಯಲ್ಲಿ ಕೊಳ್ಳೇಗಾಲದ ಹತ್ತಿರ ನಮ್ಮೂರಿನ ಹೊಲದಲ್ಲಿ ನಿಂತು ದಕ್ಷಿಣಕ್ಕೆ ನೋಡಿದೆ. ಆ ನಕ್ಷತ್ರವಿದ್ದ ದೊಡ್ಡ ಮೆಜಲಾನಿಕ್ ಮೋಡ (ಹೆಸರು ಮೋಡ, ನಿಜಕ್ಕೂ ನಮ್ಮ ನೆರೆಯ ಪುಟ್ಟ ಗೆಲಾಕ್ಸಿ) ನಮಗೆ ದಿಗಂತದಿಂದ ಸುಮಾರು 8 ಡಿಗ್ರಿ ಮಾತ್ರ ಮೇಲೇಳುತ್ತದೆ, ಕೈಚಾಚಿ ಹಿಡಿದ ಮುಷ್ಟಿಗಿಂತ ಕಡಿಮೆ. ಮಂಜಿನಲ್ಲಿ ಏನೂ ಕಾಣಲಿಲ್ಲ. ಅದೇ ಹೊತ್ತಿಗೆ ನೆತ್ತಿಯ ಮೇಲೆ ಕೆಂಪಗೆ ಆರಿದ್ರಾ ಇತ್ತು. ಅದು ತಿರುಗುವ ವೇಗ ಇರಬೇಕಾದ್ದಕ್ಕಿಂತ ಜಾಸ್ತಿ ಕಾಣುವುದರಿಂದ ಅದೂ ಜೊತೆಗಾರನೊಂದನ್ನು ನುಂಗಿದೆಯೇನೋ ಎಂಬ ಗುಮಾನಿ ಕೆಲವರಿಗಿದೆ. ಈಗ ಅದರ ಇನ್‌ಲಿಸ್ಟ್ ಬರೆಯುತ್ತಿದ್ದೇನೆ. ಜೊತೆಗಾರನಿಗೆ ಸದ್ಯಕ್ಕೆ ಒಂದು ಸೂರ್ಯನ ತೂಕ ಕೊಟ್ಟಿದ್ದೇನೆ.