ಹೊಸನಗರದ ಹಳ್ಳಗಳಲ್ಲಿ ಲಿವರ್ ಫ್ಲೂಕ್ ಹುಡುಕಿದ್ದು: ನನ್ನ ಅನುಭವ

ಲಿವರ್ ಫ್ಲೂಕ್ ಅಂದರೆ ದನದ ಪಿತ್ತಜನಕಾಂಗದಲ್ಲಿ ಬೆಳೆಯುವ ಚಪ್ಪಟೆ ಹುಳು. ಅದು ನಮ್ಮ ತಾಲ್ಲೂಕಿನಲ್ಲಿ ಎಲ್ಲೆಲ್ಲಿ ಹತ್ತುತ್ತದೆ ಅಂತ ನಕ್ಷೆ ಮಾಡಲು ಹೊರಟಾಗ, "ಮಲೆನಾಡಲ್ಲಿ ಫ್ಲೂಕ್ ಇಲ್ಲದ ಊರು ಯಾವುದಿದೆ ಮಾರಾಯ? ತಾಲ್ಲೂಕಿಗೆಲ್ಲ ಕೆಂಪು ಬಳಿ, ನಕ್ಷೆ ಮುಗೀತು" ಅಂತ ಜೊತೆಯ ಪಶುವೈದ್ಯರು ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ನನ್ನ ಫೈಲ್ ಕೇಳಿ ಇಸ್ಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸೆಡಿಮೆಂಟೇಶನ್ (ಸಗಣಿಯನ್ನು ನೀರಲ್ಲಿ ಕದಡಿ, ತಳಕ್ಕಿಳಿದ ಹುಳುವಿನ ಮೊಟ್ಟೆ ನೋಡುವುದು), ಕ್ಯೂಜಿಐಎಸ್ (ನಕ್ಷೆ ಮಾಡುವ ಸಾಫ್ಟ್‌ವೇರ್) ಎಲ್ಲ ಪಶುವೈದ್ಯರಿಗೆ ಗೊತ್ತಿರುವುದೇ. ಕೊನೆಗೆ ಒಂದು ಹನಿ ಮೆಥಿಲೀನ್ ಬ್ಲೂ ಹಾಕುವುದನ್ನು ಮಾತ್ರ ಬಿಡಬೇಡಿ. ನೀಲಿ ನಡುವೆ ಫ್ಯಾಸಿಯೋಲಾ (ಲಿವರ್ ಫ್ಲೂಕ್) ಮೊಟ್ಟೆ ಹಳದಿಯಾಗಿ ಎದ್ದು ಕಾಣುತ್ತದೆ, ಆಂಫಿಸ್ಟೋಮ್ (ದನದ ಹೊಟ್ಟೆಯ ಇನ್ನೊಂದು ಹುಳು) ಮೊಟ್ಟೆ ಜೊತೆ ಗೊಂದಲ ಆಗಲ್ಲ.

ಮೊದಲ ವರ್ಷದ ನಕ್ಷೆ ದಂಡ. ಆಸ್ಪತ್ರೆಗೆ ಸಗಣಿ ತಂದವರ ಮನೆಗಳಿಗೆ ಚುಕ್ಕಿ ಇಟ್ಟಿದ್ದೆ. ಟಾರು ರಸ್ತೆ ಪಕ್ಕದಲ್ಲೆಲ್ಲ ರೋಗ, ಒಳಗಿನ ಊರುಗಳಲ್ಲಿ ಏನೂ ಇಲ್ಲ! ಮರುವರ್ಷ ಮನೆಮನೆಗೆ ಹೋದೆ. ಪೆಟ್ರೋಲಿಗೇ 12,000 ರೂಪಾಯಿ ಹತ್ತಿರ ಕೈಯಿಂದ ಹೋಯಿತು. ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪಿಗೆ ಮತ್ತೊಂದು 15,000. ದುಡ್ಡು ಕೇಳಿದ ಕಡೆ "ನೋಡೋಣ" ಅಂದರು, ಇನ್ನೂ ನೋಡುತ್ತಿದ್ದಾರೆ. ಇಷ್ಟೆಲ್ಲ ಮಾಡಿ, ರೋಗ ಗುಂಪುಗೂಡಿದ ಜಾಗ ಹುಡುಕುವ ಸಾಫ್ಟ್‌ವೇರ್ ಆದ ಸ್ಯಾಟ್‌ಸ್ಕ್ಯಾನಿಗೆ ಹಾಕಿದರೆ ಅದು ದೊಡ್ಡದೊಂದು ವೃತ್ತ ಬರೆದು ಕೊಟ್ಟಿತು. ವೃತ್ತದ ನಡುವೆ ಗುಡ್ಡ. ಆಚೆ ಹಳ್ಳದ ನೀರನ್ನು ಈಚೆ ದನ ಯಾವತ್ತೂ ಕುಡಿದಿಲ್ಲ!

ಗಂಟು ಬಿಡಿಸಿದ್ದು ಒಂದು ಜರ್ಸಿ ಹಸು. ಕೊಟ್ಟಿಗೆ ಬಿಟ್ಟು ಹೊರಗೆ ಹೋಗಲ್ಲ, ಕುಡಿಯುವುದು ಬಾವಿ ನೀರು, ಆದರೂ ಸಗಣಿ ತುಂಬ ಮೊಟ್ಟೆ. ಹುಲ್ಲು ಎಲ್ಲಿಂದ ತರುತ್ತೀರಿ ಅಂತ ಆ ಮನೆಯ ಅಮ್ಮನನ್ನು ಕೇಳಿದೆ. "ಕೆರೆ ಕೆಳಗಿನ ಗದ್ದೆಯಿಂದ ಡಾಕ್ಟ್ರೇ, ಬೇಸಿಗೇಲೂ ಅಲ್ಲಿ ಹಸಿರು ಇರ್ತದಲ್ಲ" ಅಂದರು. ಹೋಗಿ ನೋಡಿದರೆ ಅಂಚಿನ ಉದ್ದಕ್ಕೂ ಒಸರು ನೀರು, ಲಿಮ್ನಿಯಾ ಬಸವನಹುಳು ಬೇಕಾದಷ್ಟು. ಫ್ಲೂಕ್ ಮರಿ ಬೆಳೆಯುವುದು ಇದರೊಳಗೆ, ಆಮೇಲೆ ಹೊರಬಂದು ಹುಲ್ಲಿಗೆ ಅಂಟಿಕೊಳ್ಳುತ್ತದೆ.

ಅವತ್ತಿಂದ ಕೊಟ್ಟಿಗೆ ಮೇಲೆ ಚುಕ್ಕಿ ಇಡುವುದು ಬಿಟ್ಟೆ. ಪ್ರತಿ ದನಕ್ಕೂ ಮೂರು ಜಾಗ ಬರೆದುಕೊಂಡೆ: ಮೇಯುವುದೆಲ್ಲಿ, ಕುಡಿಯುವುದೆಲ್ಲಿ, ಹುಲ್ಲು ಕೊಯ್ಯುವುದೆಲ್ಲಿ. ವೃತ್ತದ ಬದಲು ಹಳ್ಳ ಹಳ್ಳವಾಗಿ ಗುಂಪು ಮಾಡಿದೆ. ಮೂರರಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡುತ್ತೇನೆ ಅಂತ ಈಗಲೇ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಕೆಂಪು ಅಂತ ಉಳಿದದ್ದು ಕೆಲವೇ ತಗ್ಗುಗಳು, ಹೆಚ್ಚಿನವು ಕೆರೆ ಕೆಳಗೆ.

ಕಾಲ ಹಿಡಿಯುವುದು ಇನ್ನೂ ಸತಾಯಿಸಿತು. ಮೊಟ್ಟೆ ಜಾಸ್ತಿ ಸಿಗುತ್ತಿದ್ದದ್ದು ಮಾರ್ಚ್, ಏಪ್ರಿಲ್‌ನಲ್ಲಿ. ಆದರೆ ಜೈಗ್ಯಾಂಟಿಕಾ (ಇಲ್ಲಿಯ ಫ್ಲೂಕ್ ಜಾತಿ) ದನದ ಹೊಟ್ಟೆ ಸೇರಿ ಮೊಟ್ಟೆ ಇಡಲು 3–4 ತಿಂಗಳು ಬೇಕಲ್ವಾ? ತಾರೀಖುಗಳನ್ನೆಲ್ಲ ಅಷ್ಟು ಹಿಂದಕ್ಕೆ ತಳ್ಳಿದೆ. ಡಿಸೆಂಬರ್ ಆಸುಪಾಸಿಗೆ ಬಂದು ನಿಂತಿತು. ಭತ್ತ ಕೊಯ್ದು ಗದ್ದೆಗೆ ದನ ಬಿಡುವ ಹೊತ್ತು! ಮಳೆಗಾಲದಲ್ಲಿ ಸಿಗುವ ಮೊಟ್ಟೆಯನ್ನೂ ಹಾಗೇ ತಳ್ಳಿದರೆ ಬೇಸಿಗೆ ಬರುತ್ತದೆ, ಕೆರೆ ಒಣಗಿ ಎಲ್ಲ ದನವೂ ಒಂದೇ ಗುಂಡಿಗೆ ಬಾಯಿ ಹಾಕುವ ಕಾಲ.

ಈಗ ಆ ತಗ್ಗುಗಳ ದನಗಳಿಗೆ ಮಾತ್ರ ಮಾರ್ಚ್ ಕೊನೆಗೆ ಆಕ್ಸಿಕ್ಲೋಜನೈಡ್ (ಬೆಳೆದ ಫ್ಲೂಕನ್ನು ಮಾತ್ರ ಕೊಲ್ಲುವ ಔಷಧಿ) ಕೊಡುತ್ತೇನೆ. ಡಿಸೆಂಬರ್‌ನಲ್ಲೇ ಕೊಟ್ಟರೆ ಮರಿಹುಳು ತಪ್ಪಿಸಿಕೊಳ್ಳುತ್ತದೆ, ದುಡ್ಡು ನೀರಿಗೆ. ಹುಲ್ಲನ್ನು ನೀರಿನ ಮಟ್ಟದಿಂದ ಒಂದು ಗೇಣು ಮೇಲೆ ಕೊಯ್ಯಿರಿ ಅಂತಲೂ ಹೇಳುತ್ತೇನೆ, ಅರ್ಧ ಜನ ಕೇಳುತ್ತಾರೆ. ಔಷಧಿ ಖರ್ಚು ಮೊದಲಿನ ಅರ್ಧಕ್ಕೂ ಕಡಿಮೆ. ಆ ತಗ್ಗುಗಳಲ್ಲಿ ಮೂರಕ್ಕೊಂದು ದನದಲ್ಲಿ ಮೊಟ್ಟೆ ಇತ್ತು, ಈಗ ಹತ್ತಕ್ಕೊಂದು ಅನ್ನಬಹುದು. ನಕ್ಕವರಿಗೆ ಈ ಲೆಕ್ಕವನ್ನು ಎರಡು ಸಲ ಓದಿ ಹೇಳಿದ್ದೇನೆ.

ನಡುವೆ ಬಾತುಕೋಳಿ ಪ್ರಯೋಗವೂ ಆಯಿತು. ಬಸವನಹುಳು ತಿನ್ನಲಿ ಅಂತ ಮರಿ ತಂದು ಒಂದು ಕೆರೆಗೆ ಬಿಡಿಸಿದೆ. ಚೆನ್ನಾಗಿಯೇ ತಿಂದವು. ಆಮೇಲೆ ಅವನ್ನು ನರಿ ತಿಂತೋ, ನೆಂಟರು ತಿಂದರೋ, 2,000 ರೂಪಾಯಿ ಅಲ್ಲಿಗೆ ಮುಗಿಯಿತು.

ಒಳಗಿನ ಮರಿಹುಳು ಹೊರಬರುತ್ತದಾ ಅಂತ ಬಸವನಹುಳುಗಳನ್ನು ಗಾಜಿನ ಲೋಟದ ನೀರಲ್ಲಿ ಬಿಸಿಲಿಗಿಟ್ಟು ನೋಡುವುದು ನನಗೊಂದು ಚಟ. (ಅವು ತಾವಾಗಿ ಬಂದು ಸೇರುವಂತೆ ನಾನಿಡುವ ಆಮಿಷ ಏನು ಅಂತ ಕೇಳಬೇಡಿ.) ಒಂದು ಕೆರೆಯ ಬೇರೆ ಜಾತಿ ಬಸವನಹುಳು ಇಂಡೋಪ್ಲಾನಾರ್ಬಿಸ್‌ನಿಂದ ಕವಲುಬಾಲದ ಸರ್ಕೇರಿಯಾ (ಈಜುವ ಮರಿಹುಳು) ಹೊರಬಂತು. ಊರೊಳಗೆ ಕೇಳಿದರೆ ಗೊರಕೆ ಹೊಡೆಯುವ ಹಸುಗಳು ಆ ಕೆರೆ ಸುತ್ತಲೇ ಇವೆ. ಅವುಗಳ ಮೂಗಿನ ಲೋಳೆಯಲ್ಲಿ ಗೊರಕೆ ರೋಗ ತರುವ ಹುಳು ಶಿಸ್ಟೋಸೋಮಾ ನೇಸೇಲ್‌ನ ಬಾಗಿದ ಮೊಟ್ಟೆ ಸಿಕ್ಕಿತು. ಈ ಹುಳುವಿನ ಮರಿ ಚರ್ಮದಿಂದ ಒಳಗೆ ಹೋಗುವುದರಿಂದ ನಕ್ಷೆಗೆ ನಾಲ್ಕನೇ ಜಾಗ ಸೇರಿಸಬೇಕಾಯಿತು: ದನ ನೀರಿಗಿಳಿಯುವುದೆಲ್ಲಿ. ಎಮ್ಮೆಗಳು ಗೊರಕೆ ಹೊಡೆಯಲ್ಲ ಅಂತ ಬಿಡಬೇಡಿ, ಅವುಗಳ ಲೋಳೆಯನ್ನೂ ನೋಡಿ.

ಮುಂದಿನದು ಶರಾವತಿ ಹಿನ್ನೀರು. ನೀರು ಇಳಿದಂತೆ ದಡವೂ, ಹಸಿಹುಲ್ಲೂ ಕೆಳಗೆ ಸರಿಯುತ್ತಾ ಹೋಗುತ್ತವೆ. ಚುಕ್ಕಿ ಎಲ್ಲಿಡುವುದು ಅನ್ನುವುದೇ ತಲೆನೋವು. ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ತಿಳಿಸಿ. ಆಮಿಷದ ಗುಟ್ಟು ಅವರಿಗೆ ಮಾತ್ರ.